ಆಕ್ಷೇಪವಿಲ್ಲ

ಬಿಷ್ಕೆಕ್
ಜೂನ್ 9

ಅಮ್ಮಾ,

ನೀವು ಫೋನ್ ಇಟ್ಟುಬಿಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೂ ನೀವು ಎತ್ತುತ್ತಿರಲಿಲ್ಲ. ಈಗ ನೀವೆಲ್ಲ ಬೇಸಿಗೆಗೆ ಕುರಿಗಳ ಜೊತೆ ಅರ್ಪಾ ಕಣಿವೆಗೆ ಏರಿದ್ದೀರಿ, ಅಲ್ಲಿ ಫೋನ್ ಹಿಡಿಯುವುದೂ ಇಲ್ಲ. ಹಾಲಿನ ಲಾರಿಯ ಜೋಕೊನ್ ಶುಕ್ರವಾರ ಮೇಲೆ ಬಂದಾಗ ಈ ಕಾಗದ ಕೈಗೆ ಸಿಗುತ್ತದೆ. "ಬರೆದು ಹೇಳು, ಬಾಯಲ್ಲಾದ್ರೆ ನೀನು ಜಾರ್ಕೊಳ್ತೀಯ" ಎಂದಿರಿ. ಬರೆಯುತ್ತಿದ್ದೇನೆ.

ನೀವು ಕೇಳಿದ ಸುದ್ದಿ ನಿಜ. ನಮ್ಮ ಸುಂಕ ಒಕ್ಕೂಟದ ದೇಶಗಳು ಮಂಗೋಲಿಯಾದ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದ ಅನುಮೋದನೆಗಾಗಿ ಸಂಸತ್ತಿಗೆ ಬಂದಿದೆ. ಮಸೂದೆ ಐದೇ ಸಾಲು. ಅದರ ಬೆನ್ನಿಗೆ ಇನ್ನೂರು ಚಿಲ್ಲರೆ ಪುಟದ ಪಟ್ಟಿ, ಯಾವ ಯಾವ ಸರಕಿಗೆ ಸುಂಕ ಹೋಗುತ್ತದೆ ಎಂದು. ನೂರ ಎಂಬತ್ತೊಂದನೆಯ ಸಾಲು ಉಣ್ಣೆಹಾಸು. ಅಲ್ಲಿ ಅದನ್ನು "ನೇಯದೆ, ಒತ್ತಿ ಗಟ್ಟಿಮಾಡಿದ ಉಣ್ಣೆಯ ಹಾಳೆ" ಎಂದು ಬರೆದಿದ್ದಾರೆ. ಓದಿ ನಗು ಬಂತು. ನಮ್ಮ ಮನೆಯ ನೆಲ, ಗುಡಾರದ ಗೋಡೆ, ನನ್ನ ತೊಟ್ಟಿಲಿನ ಹಾಸಿಗೆ, ಎಲ್ಲವೂ ಅದೇ ಹಾಳೆ.

ಈಗ ಮಂಗೋಲಿಯಾದ ಹಾಸು ಗಡಿ ದಾಟಿದರೆ ಸುಂಕ ಬೀಳುತ್ತದೆ, ಒಕ್ಕೂಟದೊಳಗಿನದಾದ್ದರಿಂದ ನಿಮ್ಮದಕ್ಕೆ ಬೀಳುವುದಿಲ್ಲ. ಅದಕ್ಕೇ ಗಡಿಯಾಚೆಯ ಅಲ್ಮಾಟಿಯ ಗುಡಾರದ ವ್ಯಾಪಾರಿ ನಿಮ್ಮನ್ನೂ ಸೇರಿಸಿ ಇಪ್ಪತ್ತೆರಡು ಹೆಂಗಸರ ಹತ್ತಿರ ಕೊಳ್ಳುತ್ತಾನೆ. ಒಪ್ಪಂದ ಜಾರಿಯಾದ ದಿನ ಆ ಅಂತರ ಅಳಿಸಿಹೋಗುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

"ಆ ಒಂದು ಸಾಲು ಹೊಡೆದುಹಾಕು" ಎಂದಿರಿ. ಸಂಸತ್ತಿಗೂ ಆ ಅಧಿಕಾರವಿಲ್ಲ. ಇಡಿಯಾಗಿ ಹೂಂ ಅನ್ನಬೇಕು, ಇಲ್ಲ ಇಡಿಯಾಗಿ ಊಹೂಂ ಅನ್ನಬೇಕು. ಒಂದು ಹಾಸಿಗಾಗಿ ಯಾರೂ ಊಹೂಂ ಅನ್ನುವುದಿಲ್ಲ. ಪಟ್ಟಿ ತಯಾರಾಗುತ್ತಿದ್ದಾಗ, ಎರಡು ವರ್ಷದ ಹಿಂದೆ, ಪ್ರತಿ ದೇಶವನ್ನೂ ಕೇಳಿದ್ದರು. ಯಾವುದಾದರೂ ಸರಕು ಸೂಕ್ಷ್ಮ ಅನಿಸಿದರೆ ಆಗಲೇ ಹೇಳಿ ಮೂರು ವರ್ಷದ ಗಡುವು ಪಡೆಯಬಹುದಿತ್ತು. ಹಾಸಿನ ಸಾಲಿನ ಮುಂದೆ ನಮ್ಮ ದೇಶದ ಖಾನೆಯಲ್ಲಿ "ಆಕ್ಷೇಪವಿಲ್ಲ" ಎಂದಿದೆ.

ಇದರ ಬಗ್ಗೆ ಸಂಸತ್ತಿನ ಸಮಿತಿಗೆ ಅಭಿಪ್ರಾಯ ಟಿಪ್ಪಣಿ ಬರೆಯುವ ಕೆಲಸ ಕಚೇರಿಯಲ್ಲಿ ನನ್ನ ಮೇಜಿಗೇ ಬಂದಿದೆ. ನನ್ನ ತಾಯಿ ಹಾಸಿನ ಕೆಲಸದ ಮನೆ ನಡೆಸುತ್ತಾರೆ ಎಂದು ಇಲ್ಲಿ ಹೇಳಿಲ್ಲ. ಹೇಳಿದರೆ ಕಡತ ಬೇರೆಯವರಿಗೆ ಹೋಗುತ್ತದೆ. ಹೇಳದೆ ಇರುವುದು ನಿಮಗೋಸ್ಕರವೋ ನನಗೋಸ್ಕರವೋ, ನಿಜವಾಗಿ ಗೊತ್ತಾಗುತ್ತಿಲ್ಲ.

ಮಂಡಿ ನೋವಿಗೆ ಕಳಿಸಿದ ಮುಲಾಮು ಹಚ್ಚುತ್ತಿದ್ದೀರಾ?

ನಿಮ್ಮ
ಬುರುಲ್


ಅರ್ಪಾ
ಜೂನ್ 24

ಬುರುಲ್,

ನಿನ್ನ ಕಾಗದವನ್ನು ಕೆಲಸದ ಹೆಂಗಸರೆಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಮುಲಾಮಿನ ಸಾಲು ಬಿಟ್ಟೆ.

ಬಾಕ್ತಿಗುಲ್ ಉಣ್ಣೆ ಬಡಿಯುವ ಕೋಲು ಕೆಳಗಿಡದೆ ಕೇಳಿದಳು, "ಎಜೆ, ನೀವೇ ಹೇಳಿ ಅಕ್ಕಾ, ನಿಮ್ಮ ಮಗಳು ಅವರ ಕಡೆಯೋಳಾ, ನಮ್ಮ ಕಡೆಯೋಳಾ?"

"ಅವಳು ಕಾಗದದ ಕಡೆಯೋಳು" ಅಂದೆ.

ನಕ್ಕರು. ಬೇಗ ನಿಲ್ಲಿಸಿದರು.

ಬಾಕ್ತಿಗುಲ್‌ನ ನೀನು ಚಿಕ್ಕಂದಿನಲ್ಲಿ ನೋಡಿದ್ದೀಯ, ಹಳೇ ಡಿಪೋ ಪಕ್ಕದ ಮನೆಯವಳು. ಗಂಡ ಬಿಟ್ಟುಹೋಗಿ ಆರು ವರ್ಷ. ಹೆಣ್ಣುಮಕ್ಕಳಿಬ್ಬರೂ ನಾರಿನ್‌ನಲ್ಲಿ ಓದುತ್ತಿದ್ದಾರೆ. ಅವಳ ತಂಗಿ ಮಾಸ್ಕೋದಲ್ಲಿ ಹೋಟೆಲ್ ಕೋಣೆ ಗುಡಿಸುತ್ತಾಳೆ, ಎರಡು ಸಲ ಇವಳನ್ನೂ ಕರೆದಳು. ಎರಡು ಸಲವೂ ನಾನೇ ತಡೆದೆ. "ಇಲ್ಲೇ ಇರು, ಕೆಲಸ ನಾನು ಕೊಡ್ತೀನಿ, ಮಕ್ಕಳ ಹತ್ರ ಇರು" ಅಂದೆ. ನನ್ನ ಮಾತು ನಂಬಿ ಉಳಿದಿದ್ದಾಳೆ. ಉಳಿದ ಇಪ್ಪತ್ತು ಜನರದ್ದೂ ಹೆಚ್ಚುಕಡಿಮೆ ಇದೇ ಕಥೆ.

ಅಲ್ಮಾಟಿಯವನು ಆಗಲೇ ಹೇಳಿಕಳಿಸಿದ್ದಾನೆ. ಹೊಸ ವರ್ಷದಿಂದ ಯೋಚನೆ ಮಾಡಬೇಕಾಗುತ್ತದಂತೆ. ಅವನು ಯೋಚನೆ ಮಾಡುವುದು ಅಂದರೆ ಏನು ಅಂತ ನಮಗೆ ಗೊತ್ತಿದೆ.

ನಿನ್ನ ಹೂಂ ಊಹೂಂ ನನಗೆ ಅರ್ಥವಾಯಿತು. ಹಳ್ಳಿ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೂತವಳು ನಾನು, ಓದಲು ಬರುತ್ತದೆ. ಒಂದೇ ಒಂದು ಕೇಳುತ್ತೇನೆ. ಆ ಖಾನೆಯಲ್ಲಿ "ಆಕ್ಷೇಪವಿಲ್ಲ" ಅಂತ ಬರೆದವನು ಯಾರು? ಹೆಸರು ಹಿಡಿದು ಕೊಡು. ಯಾವ ಹಾಸಿನ ಮೇಲೆ ಕೂತು, ಯಾರನ್ನು ಕೇಳಿ ಹಾಗೆ ಬರೆದ? ನಾನು ಕೆಳಗಿಳಿದು ಬಂದು ಅವನನ್ನೇ ಕೇಳುತ್ತೇನೆ.

ಮಂಡಿ ಹಾಗೇ ಇದೆ.

ಸೈರಾಕಾನ್


ಬಿಷ್ಕೆಕ್
ಜುಲೈ 8

ಅಮ್ಮಾ,

ಸೆಪ್ಟೆಂಬರ್ ಹದಿನೆಂಟಕ್ಕೆ ಸಾರ್ವಜನಿಕ ಅಹವಾಲು ಸಭೆ ಇಟ್ಟಿದ್ದಾರೆ. ಉಣ್ಣೆಯ ಕೆಲಸದವರಿಂದ ಒಬ್ಬರು ಮಾತಾಡಬಹುದು, ಏಳು ನಿಮಿಷ. ಕೋರಿಕೆ ಪತ್ರದ ನಮೂನೆ ಇದರ ಜೊತೆ ಇಟ್ಟಿದ್ದೇನೆ. ಎಲ್ಲರ ಸಹಿ ಹಾಕಿಸಿ. ಮಾತಾಡಲು ಬಾಕ್ತಿಗುಲ್ ಬಂದರೆ ಒಳ್ಳೆಯದು ಅನಿಸುತ್ತದೆ. ನೀವು ಬಂದರೆ ನಮ್ಮಿಬ್ಬರ ಮುಖ ನೋಡಿದವರಿಗೇ ಗೊತ್ತಾಗಿಬಿಡುತ್ತದೆ.

ನಮ್ಮ ವಿಭಾಗದ ಹಿರಿಯರು ಎರ್ಮೆಕ್ ಅಂತ. ನಿನ್ನೆ ನನ್ನ ಕರಡು ಓದಿ ಕನ್ನಡಕ ಹಣೆಗೇರಿಸಿಕೊಂಡು, "ಏನಮ್ಮಾ ಇದು, ಮುನ್ನೂರು ಸರಕಿಗೆ ಒಂದು ಪುಟ, ಹಾಸೊಂದಕ್ಕೇ ನಾಲ್ಕು ಪುಟ? ನೀನೇನು ಕುರಿ ಸಾಕಿದ್ದೀಯಾ?" ಎಂದರು. "ನಮ್ಮಲ್ಲಿ ಯಾರು ಸಾಕಿಲ್ಲ?" ಎಂದೆ. ನಕ್ಕು ಹೋದರು. ಆ ನಗು ನನಗೆ ಸರಿಕಾಣಲಿಲ್ಲ.

ನೀವು ಕೇಳಿದ ಹಳೆಯ ಕಡತ ಬೇರೆ ಇಲಾಖೆಯದು. ತರಿಸಲು ಹೊತ್ತು ಹಿಡಿಯುತ್ತದೆ.

ಬುರುಲ್


ಅರ್ಪಾ
ಜುಲೈ 20

ಬುರುಲ್,

ಸಹಿ ಹಾಕಿಸಿದ ಕೋರಿಕೆ ಇದರೊಳಗಿದೆ. ಇಪ್ಪತ್ತೆರಡೂ ಇವೆ, ಎಣಿಸಿಕೋ.

ಬಾಕ್ತಿಗುಲ್ ಬರುವುದಿಲ್ಲ ಅಂದಳು. "ಅಷ್ಟು ಜನ ಟೈ ಕಟ್ಟಿದವರ ಮುಂದೆ ನನ್ನ ನಾಲಿಗೆ ಒಣಗುತ್ತೆ ಎಜೆ" ಅಂದಳು. ಬೇರೆ ಯಾರೂ ಮುಂದೆ ಬರಲಿಲ್ಲ. ಯಾರು ಬರುತ್ತಾರೋ ಆಮೇಲೆ ನೋಡೋಣ.

ಎರಡು ವರ್ಷದ ಹಿಂದೆ ನೀನು ಆ ಬೇರೆ ಇಲಾಖೆಯಲ್ಲೇ ಇದ್ದೆಯಲ್ಲ? ಅಲ್ಲಿಂದ ಸಂಸತ್ತಿಗೆ ಬಂದದ್ದು ಮೊನ್ನೆಮೊನ್ನೆ. ನಿನಗೆ ಗೊತ್ತಿರುವವನೇ ಆಗಿರಬೇಕು. ಹೆಸರು ಹೇಳಲು ಹೊತ್ತು ಯಾಕೆ ಹಿಡಿಯುತ್ತದೆ?

ಈ ವಾರ ನಾಲ್ಕು ಹಾಸು ಉರುಳಿಸಿ ಗಟ್ಟಿಮಾಡಿದೆವು. ಈ ಸಲ ಯಾರೂ ಹಾಡಲಿಲ್ಲ.

ಎರಡನೇ ಸಲ ಕೇಳುತ್ತಿದ್ದೇನೆ.

ಸೈರಾಕಾನ್


ಬಿಷ್ಕೆಕ್
ಆಗಸ್ಟ್ 2

ಅಮ್ಮಾ,

ಹೆಸರು ಹೇಳುತ್ತೇನೆ. ಅದನ್ನು ಬರೆದವಳು ನಾನು.

ಈ ಸಾಲು ಬರೆದ ಮೇಲೆ ಎದ್ದು ಕಿಟಕಿ ತೆರೆದೆ, ಮುಚ್ಚಿದೆ. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ತಮ್ಮನ ಮದುವೆ ಮಾತಿಗೆ ಬೀಗರು ಬಂದ ದಿನ ನೆನಪಿದೆಯಲ್ಲ. ಮಾರ್ಚ್ ತಿಂಗಳು, ಭಾನುವಾರ. ನಾನು ಶನಿವಾರ ಸಂಜೆ ಬಿಷ್ಕೆಕ್‌ನಿಂದ ಬಂದಿದ್ದೆ. ಚೀಲದಲ್ಲಿ ಆ ಪಟ್ಟಿ ಇತ್ತು. ಸೋಮವಾರದೊಳಗೆ ನನ್ನ ಪಾಲಿನ ಅರವತ್ತು ಸಾಲುಗಳಿಗೆ ಉತ್ತರ ತುಂಬಿ ಕೊಡಬೇಕಿತ್ತು. ಸಂಬಂಧಪಟ್ಟ ಉತ್ಪಾದಕರನ್ನು ವಿಚಾರಿಸಿ ತುಂಬಬೇಕು ಎಂದು ಆದೇಶ. ಐವತ್ತೊಂಬತ್ತು ಆಗಿತ್ತು. ಹಾಸು ಉಳಿದಿತ್ತು. ಯಾರನ್ನು ಹುಡುಕಿಕೊಂಡು ಹೋಗಲಿ, ಮನೆಯಲ್ಲೇ ಇದ್ದಾರಲ್ಲ ಎಂದುಕೊಂಡೆ.

ನೀವು ಹೊಸ ಹಾಸು ಹಾಸಿದ್ದಿರಿ. ಬೀಗಿತ್ತಿ ಉಮ್ಸುನಾಯ್ ಮತ್ತು ಅವರ ಅಕ್ಕತಂಗಿಯರು ಅದರ ಮೇಲೆ ಕೂತಿದ್ದರು. ನೀವು ಚಹಾ ಸುರಿಯುತ್ತಿದ್ದಿರಿ. ನಾನು ಕರಿದ ಬೋರ್ಸೋಕ್ ತಿಂಡಿಯ ತಟ್ಟೆ ಇಡುತ್ತಾ ಕೇಳಿದೆ, "ಅಮ್ಮಾ, ಮಂಗೋಲಿಯಾದ ಉಣ್ಣೆಹಾಸು ಸುಂಕ ಇಲ್ಲದೆ ಬಂದ್ರೆ ನಿಮಗೇನಾದ್ರೂ ತೊಂದರೆ ಇದ್ಯಾ?"

ನೀವು ತಲೆ ಎತ್ತಲೂ ಇಲ್ಲ. "ಬರ್ಲಿ ಬಿಡೆ! ನನ್ನ ಹಾಸಿನ ಪಕ್ಕ ಅದನ್ನ ಹಾಸಿದ್ರೆ ನಾಯೀನೂ ಅದರ ಮೇಲೆ ಮಲಗಲ್ಲ."

ಎಲ್ಲರೂ ನಕ್ಕರು. ಉಮ್ಸುನಾಯ್ ಅಂಗೈಯಲ್ಲಿ ಹಾಸು ಸವರಿ, "ಇಂಥ ಕೈ ಇರೋ ಅತ್ತೆ ಸಿಗ್ತಿದ್ದಾರೆ, ನಮ್ಮ ಹುಡುಗಿ ಅದೃಷ್ಟವಂತೆ" ಎಂದರು.

ಸೋಮವಾರ ನಾನು ಬರೆದೆ: "ಉತ್ಪಾದಕರನ್ನು ವಿಚಾರಿಸಲಾಗಿದೆ. ಆಕ್ಷೇಪವಿಲ್ಲ."

ಜೂನ್‌ನಲ್ಲಿ ಪಟ್ಟಿ ತೆರೆದಾಗ ಆ ಖಾನೆ ನೋಡಿ ಅದು ಬೇರೆ ಯಾರದೋ ಅನ್ನುವ ಹಾಗೆ ನಿಮಗೆ ಬರೆದೆ. ಸುಳ್ಳು ಬರೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ.

ನಾಳೆ ಎರ್ಮೆಕ್ ಅವರಿಗೆ ಎಲ್ಲ ಹೇಳುತ್ತೇನೆ.

ಬುರುಲ್


ಬಿಷ್ಕೆಕ್
ಆಗಸ್ಟ್ 23

ಅಮ್ಮಾ,

ಮೂರು ಶುಕ್ರವಾರ ಕಳೆದವು. ಮೊನ್ನೆ ಮಿನಿಬಸ್ಸಿನವನು ಜೋಕೊನ್ ಕೊಟ್ಟದ್ದು ಎಂದು ಒಣಮೊಸರಿನ ಉಂಡೆಗಳ ಚೀಲ ತಂದುಕೊಟ್ಟ. ಕಾಗದ ಇರಬಹುದು ಎಂದು ಅಲ್ಲೇ ರಸ್ತೆಯಲ್ಲಿ ಎಲ್ಲ ಸುರುವಿದೆ. ಇರಲಿಲ್ಲ. ಉಂಡೆ ಕಳಿಸಿದ್ದು ನೀವೋ ಜೋಕೊನ್‌ನ ಹೆಂಡತಿಯೋ ಅದೂ ತಿಳಿಯಲಿಲ್ಲ.

ಎರ್ಮೆಕ್ ಕೂಗಾಡಲಿಲ್ಲ. "ಬೀಗರೂಟದಲ್ಲಿ ಕೇಳಿದ್ಯಾ?" ಎಂದರು. ಹೌದು ಎಂದೆ. "ಬೀಗರೂಟದಲ್ಲಿ ಯಾರಾದ್ರೂ ತಮ್ಮ ಹಾಸು ಚೆನ್ನಾಗಿಲ್ಲ ಅಂತಾರಾ, ಮಾರಾಯ್ತಿ! ನಮ್ಮಮ್ಮ ಆಗಿದ್ರೆ ಆಕಾಶದಲ್ಲಿ ಹಾರತ್ತೆ ಅನ್ನೋರು." ಆಮೇಲೆ ಕಡತ ತಮ್ಮ ಕಡೆಗೆ ಎಳೆದುಕೊಂಡರು. ಟಿಪ್ಪಣಿ ಇನ್ನು ಅವರೇ ಬರೆಯುತ್ತಾರೆ. ಅಹವಾಲಿನ ದಿನ ನಡಾವಳಿ ಬರೆಯುವ ಕೆಲಸ ಮಾತ್ರ ನನಗೆ. ಆಡಿದ್ದನ್ನು ಆಡಿದ ಹಾಗೆ ಬೆರಳಚ್ಚು ಮಾಡಬೇಕು. "ಅದರಲ್ಲಿ ನಿನ್ನದು ಅಂತ ಏನೂ ಸೇರಿಸೋಕಾಗಲ್ಲ" ಎಂದರು.

ಏನಾದರೂ ಬರೆಯಿರಿ. ಬೈದಾದರೂ ಬರೆಯಿರಿ.

ಬುರುಲ್


ಅರ್ಪಾ
ಸೆಪ್ಟೆಂಬರ್ 3

ಬುರುಲ್,

ಉಂಡೆ ಕಳಿಸಿದ್ದು ನಾನೇ. ಕಾಗದ ಬರೆಯುವ ಕೈ ಏಳಲಿಲ್ಲ.

ನಿನ್ನ ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ, ಹಿಂದಿನದನ್ನೂ ಹೇಳಿಲ್ಲ. "ಹೆಸರು ಸಿಕ್ತಾ ಎಜೆ?" ಅಂತ ಪ್ರತಿ ದಿನ ಕೇಳುತ್ತಾರೆ. "ಸಿಗ್ತದೆ" ಅನ್ನುತ್ತೇನೆ. ಇಪ್ಪತ್ತೊಂದು ಜನರ ಮುಂದೆ ತಲೆ ತಗ್ಗಿಸಿ ಉಣ್ಣೆ ಹರಡುತ್ತೇನೆ. ಈ ವಯಸ್ಸಿಗೆ ಇದೊಂದು ಬಾಕಿ ಇತ್ತು.

ಈಗ ಕೇಳು. ಆ ಮದುವೆ ಮಾತಿಗೂ ಐದು ತಿಂಗಳ ಮೊದಲು ನಾನು ಅಲ್ಮಾಟಿಗೆ ಹೋಗಿದ್ದೆ. ಗುಡಾರದವನ ಉಗ್ರಾಣದಲ್ಲಿ ಒಂದು ಸುರುಳಿ ಇತ್ತು. ಮಂಗೋಲಿಯಾದ್ದು. ಅವನು ಆ ಕಡೆ ತಿರುಗಿದಾಗ ಹೆಬ್ಬೆರಳಲ್ಲಿ ಒತ್ತಿ ನೋಡಿದೆ, ಅಂಚು ಎಳೆದು ನೋಡಿದೆ. ಮನೆಗೆ ಬಂದವಳು ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ಹಾಗಾಗಿ ನೀನು ಕೇಳಿದಾಗ ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೇ ನಾಯಿಯ ಮಾತು ಆಡಿದೆ. ಬೀಗಿತ್ತಿಯರು ಮೂವರು ನನ್ನ ಹಾಸಿನ ಮೇಲೆ ಕೂತಿದ್ದರು. ಅವರ ಹುಡುಗಿ ಬಂದು ಕೂರಬೇಕಾದ ಹಾಸು ಅದು. ಆಗ ಯಾವ ಹೆಂಗಸಿನ ಬಾಯಲ್ಲಿ ಬೇರೆ ಮಾತು ಬರುತ್ತದೆ?

ನನ್ನ ತಪ್ಪು ನನಗೆ ಗೊತ್ತಿದೆ. ಆದರೆ ನೀನು ಬೆಳೆದದ್ದೂ ಆ ಮನೆಯಲ್ಲೇ. ಬೀಗರ ಮುಂದೆ ಹಾಗೆ ಕೇಳಿದರೆ ಎಂಥ ಉತ್ತರ ಬರುತ್ತದೆ ಅಂತ ನಿನಗೆ ಗೊತ್ತಿರಲಿಲ್ಲವಾ? ಬೀಗರು ಹೋದ ಮೇಲೆ ಪಾತ್ರೆ ತೊಳೆಯುವಾಗ ಕೇಳಬಹುದಿತ್ತು. ಕೆಲಸದ ಮನೆಗೆ ಬಂದು ಕೇಳಬಹುದಿತ್ತು. ಸೋಮವಾರ ಬೆಳಗ್ಗೆ ಬಸ್ಸು ಹತ್ತುವಾಗಲೂ ಕೇಳಬಹುದಿತ್ತು. ಒಂದು ತಿಂಗಳಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಿನಗೆ ಗೊತ್ತಿತ್ತು. ಗೊತ್ತಿದ್ದೇ ಆಗ ಕೇಳಿದೆ. ಅರವತ್ತನೇ ಸಾಲೂ ಮುಗಿಯಲಿ ಅಂತ.

ಹಾಗಲ್ಲ ಅಂತ ಬರೆಯಬೇಡ.

ಸೈರಾಕಾನ್


ಬಿಷ್ಕೆಕ್
ಸೆಪ್ಟೆಂಬರ್ 19

ಅಮ್ಮಾ,

ಹಾಗಲ್ಲ ಎಂದು ಬರೆಯುವುದಿಲ್ಲ. ಹಾಗೇ ಇರಬಹುದು. ನೆನಪು ಮಾಡಿಕೊಂಡಷ್ಟೂ ಆ ದಿನದ ನನ್ನ ಮುಖ ನನಗೇ ಸ್ಪಷ್ಟವಾಗಿ ಕಾಣುತ್ತಿಲ್ಲ. ನೀವು ನಕ್ಕು ಉತ್ತರ ಕೊಟ್ಟಾಗ ನನಗೆ ಹಗುರವಾದದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಿನ್ನೆ ನೀವೇ ಬರುತ್ತೀರಿ ಎಂದು ನನಗೆ ತಿಳಿದಿರಲಿಲ್ಲ. ಬಿಳಿ ತಲೆವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತದ್ದು ನೋಡಿ ನನ್ನ ಬೆರಳು ನಿಂತುಹೋದವು. ಮುಗಿದ ಮೇಲೆ ನಾನು ಕೆಳಗೆ ಓಡಿ ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಒಂದು ಲೋಟ ಚಹಾ ಕೂಡ ಕುಡಿಯದೆ. ಫೋನೂ ಎತ್ತುತ್ತಿಲ್ಲ. ನಾನು ಬೆರಳಚ್ಚು ಮಾಡಿದ್ದನ್ನು ಇಲ್ಲಿ ಇಳಿಸುತ್ತೇನೆ. ನಿಮ್ಮ ಮಾತು ಕಾಗದದಲ್ಲಿ ಹೇಗೆ ಕಾಣುತ್ತದೆ ಎಂದು ನೀವೂ ನೋಡಬೇಕು.

ಸದಸ್ಯರು: ಎಜೆ, ಮಂಗೋಲಿಯಾದ ಹಾಸು ನೀವು ಕಣ್ಣಾರೆ ನೋಡಿದ್ದೀರಾ?
ಸೈರಾಕಾನ್: ನೋಡಿದೀನಿ.
ಸದಸ್ಯರು: ಹೇಗಿದೆ?
ಸೈರಾಕಾನ್: ಚೆನ್ನಾಗಿದೆ.
ಸದಸ್ಯರು: ನಿಮ್ಮದಕ್ಕಿಂತ?
ಸೈರಾಕಾನ್: ನಮ್ಮದಕ್ಕಿಂತ ಸಮನಾಗಿದೆ. ಯಂತ್ರದಲ್ಲಿ ಒತ್ತಿದ್ದು. ಅಂಚು ಬಿಚ್ಕೊಳ್ಳಲ್ಲ. ಅಗ್ಗಾನೂ ಹೌದು.
ಸದಸ್ಯರು: ಹಂಗಿದ್ಮೇಲೆ ನಮ್ಮ ಜನ ಒಳ್ಳೇ ಮಾಲು ಕೊಂಡ್ಕೊಳ್ಳೋದು ಬೇಡ ಅಂತೀರಾ?
ಸೈರಾಕಾನ್: ನಾನ್ ಹಂಗಂದ್ನಾ, ಸ್ವಾಮಿ? ಅಂಥದ್ದು ಮಾಡೋಕೆ ನಾವೂ ಕಲೀತೀವಿ, ಸ್ವಲ್ಪ ಟೈಮ್ ಕೊಡಿ ಅಂತಿದೀನಿ. ಮೂರು ವರ್ಷ ಸಿಗ್ತಿತ್ತಂತಲ್ಲ.
ಸದಸ್ಯರು: ಅದನ್ನ ಆಗಲೇ ಕೇಳ್ಬೇಕಿತ್ತು. ಆಗ ನಿಮ್ಮನ್ನ ಯಾರೂ ವಿಚಾರಿಸ್ಲಿಲ್ವಾ?
ಸೈರಾಕಾನ್: ವಿಚಾರಿಸಿದ್ರು. ನಾನೇ ಸುಳ್ಳು ಹೇಳ್ದೆ. ಬೀಗರು ಕೂತಿದ್ರು.
(ನಗು.)
ಸದಸ್ಯರು: ಬೀಗರ ಮುಂದೆ ವಿಚಾರಿಸಿದ ಆ ಮಹಾನುಭಾವ ಯಾರು?
ಸೈರಾಕಾನ್: ಅದು ನಿಮಗ್ಯಾಕೆ? ಸುಳ್ಳು ಹೇಳಿದೋಳು ನಿಮ್ಮ ಮುಂದೇನೇ ನಿಂತಿದೀನಿ.

ಇಲ್ಲಿ ನಾನು ಬೆರಳಚ್ಚು ನಿಲ್ಲಿಸಿದೆ. ನಡಾವಳಿ ಬರೆಯುವವರು ಮಾತಾಡುವ ಹಾಗಿಲ್ಲ. ಎದ್ದು ನಿಂತು "ನಾನು" ಎಂದೆ. ನೀವು ನನ್ನ ಕಡೆ ನೋಡಲಿಲ್ಲ. ಮೈಕಿನ ತಂತಿ ನೋಡುತ್ತಿದ್ದಿರಿ. ಕೂತು ಅದನ್ನೂ ಬರೆದೆ. "ಕಚೇರಿಯ ಸಿಬ್ಬಂದಿ: ನಾನು."

ಸಂಜೆ ಅಧ್ಯಕ್ಷರು ಕರೆಸಿ ಆ ಸಾಲು ತೆಗೆಸಿದರು. ಆಹ್ವಾನವಿಲ್ಲದೆ ಆಡಿದ ಮಾತು ನಡಾವಳಿಯಲ್ಲಿ ಇರುವಂತಿಲ್ಲ, ನಿಯಮ. ಬೇಡಿಕೊಂಡೆ. ಆಗಲಿಲ್ಲ. ಹಾಗಾಗಿ ಸಂಸತ್ತಿನ ಕಾಗದದಲ್ಲಿ ಈಗ ಇರುವುದು ನೀವು ಸುಳ್ಳು ಹೇಳಿದ್ದು ಮಾತ್ರ. ನಾನು ಕೇಳಿದ್ದು ಇಲ್ಲ.

ಇದನ್ನು ನಿಮಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕಿತ್ತು.

ಬುರುಲ್


ಬಿಷ್ಕೆಕ್
ಅಕ್ಟೋಬರ್ 16

ಅಮ್ಮಾ,

ಇವತ್ತು ಮತಕ್ಕೆ ಹಾಕಿದರು. ಪರ ಅರವತ್ತೆಂಟು, ವಿರುದ್ಧ ಏಳು. ಚರ್ಚೆ ಹನ್ನೊಂದು ನಿಮಿಷ. ನಿಮ್ಮನ್ನು ಪ್ರಶ್ನಿಸಿದ ಆ ಸದಸ್ಯರು ಎದ್ದು, "ಹಾಸು ಮಾಡೋ ನಮ್ಮ ಹಿರಿಯ ತಾಯೀನೇ ಆ ಮಾಲು ಚೆನ್ನಾಗಿದೆ ಅಂದಿದ್ದಾರೆ, ಇನ್ನೇನು ಹೇಳೋದಿದೆ" ಎಂದರು. ನಿಮ್ಮ ಮಾತಿನ ಉಳಿದರ್ಧ ಓದಲಿಲ್ಲ. ಎರ್ಮೆಕ್ ತಮ್ಮ ಟಿಪ್ಪಣಿಯಲ್ಲಿ ಉಣ್ಣೆಯ ಕೆಲಸದವರಿಗೆ ನೆರವು ಕೊಡುವುದನ್ನು ಪರಿಶೀಲಿಸಬೇಕು ಎಂದು ಎರಡು ಸಾಲು ಸೇರಿಸಿದ್ದಾರೆ. ಪರಿಶೀಲನೆ ಅಂದರೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ನನಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಸೋಮವಾರದಿಂದ ದಾಖಲೆ ಕೋಣೆಗೆ ವರ್ಗ. ಅದರಿಂದ ನೋವಾಗಿಲ್ಲ. ನೋವಾಗದಿರುವುದೇ ಸರಿಯಲ್ಲ ಅನಿಸುತ್ತಿದೆ.

ಹೆಂಗಸರಿಗೆ ನನ್ನ ಹೆಸರು ಹೇಳಿ. ನಿಮ್ಮೊಬ್ಬರ ತಲೆಯ ಮೇಲೆ ಹೊತ್ತುಕೊಳ್ಳಬೇಡಿ.

ಬುರುಲ್


ಸಾರಿ-ಬುಲಾಕ್
ನವೆಂಬರ್ 6

ಬುರುಲ್,

ನಾನು ಫೋನ್ ಎತ್ತುತ್ತಿಲ್ಲ ಅಂತ ತಮ್ಮನ ಹತ್ತಿರ ದೂರಿದೆಯಂತೆ. ಫೋನಿನಲ್ಲಾದರೆ ನೀನು ಅಳುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡಬೇಕು. ನನಗೆ ಈಗ ಅದಕ್ಕೆ ಪುರುಸೊತ್ತಿಲ್ಲ.

ಹೆಸರು ಹೇಳಿದೆ. ಕುರಿ ಇಳಿಸಿಕೊಂಡು ಊರಿಗೆ ಬಂದ ಮೇಲೆ ಕೆಲಸದ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಕೇಳಿದವಳು ನನ್ನ ಮಗಳು, ಸುಳ್ಳು ಹೇಳಿದವಳು ನಾನು. ಯಾರೂ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಉಮ್ಸುನಾಯ್ ಬಂದಿದ್ದಳು. ಅಹವಾಲನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿದಳಂತೆ. "ಹಂಗಾದ್ರೆ ಬೀಗಿತ್ತಿ, ನಮ್ಮ ಹುಡುಗೀನ ಕೂರಿಸಿದ್ದು ಎರಡನೇ ದರ್ಜೆ ಹಾಸಿನ ಮೇಲಾ?" ಅಂದಳು. ನಗುತ್ತಲೇ ಅಂದಳು. ಚಹಾ ಅರ್ಧ ಬಿಟ್ಟು ಎದ್ದಳು.

ಮತ ಬಿದ್ದ ವಾರವೇ ಅಲ್ಮಾಟಿಯವನು ತಾನೇ ಬಂದ. ಒಳ್ಳೆಯವನು, ಟೋಪಿ ತೆಗೆದು ಮಾತಾಡಿದ. ಹೊಸ ವರ್ಷದಿಂದ ಗೋಡೆಯ ಹಾಸು ಅಲ್ಲಿಂದ ತರಿಸುತ್ತಾನೆ, ಬಾಗಿಲಿನ ದಪ್ಪ ಹಾಸು ಮಾತ್ರ ನಮ್ಮಿಂದ, ಅದು ಯಂತ್ರದಲ್ಲಿ ಬರುವುದಿಲ್ಲವಂತೆ. ಅಂದರೆ ನಾಲ್ಕರಲ್ಲಿ ಒಂದು ಪಾಲು ಕೆಲಸ. ನಾವು ನೋಡಲಿ ಅಂತ ಅವರ ಹಾಸಿನ ಒಂದು ಸುರುಳಿ ಬಿಟ್ಟುಹೋದ. ಅವನ ಗಾಡಿ ತಿರುವು ದಾಟಿದ ಮೇಲೆ ಬಿಚ್ಚಿದೆವು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಒತ್ತಿ ನೋಡಿದರು.

ಬಾಕ್ತಿಗುಲ್ ಕೊನೆಯಲ್ಲಿ ಬಂದಳು. ಅಂಚನ್ನು ಎಳೆದು ನೋಡಿ, ಕೈ ಒರೆಸಿಕೊಂಡು ನನಗೆ ಹೇಳಿದಳು, "ಎಜೆ, ನಿಜ ಹೇಳ್ಬೇಕಾದ ಕಡೆ ಸುಳ್ಳು ಹೇಳಿದ್ರಿ. ಸುಮ್ಮನಿರ್ಬೇಕಾದ ಕಡೆ ನಿಜ ಹೇಳಿದ್ರಿ."

ನಾನು ಆ ಸುರುಳಿ ಸುತ್ತಿ ಗೋಡೆಗೆ ಒರಗಿಸಿದೆ. ಅಭಿಪ್ರಾಯ ಬರೆಯುವುದು ನಿನ್ನ ಕೆಲಸವಾಗಿತ್ತು, ಅವಳ ಮಾತಿಗೆ ನಿನಗೇನಾದರೂ ಉತ್ತರ ಹೊಳೆದರೆ ಇಟ್ಟುಕೋ, ನನಗೆ ಕಳಿಸಬೇಡ.

ಅವನು ಬಂದುಹೋದ ಮುಂದಿನ ಮಂಗಳವಾರ ಬಾಕ್ತಿಗುಲ್ ಮಾಸ್ಕೋಗೆ ಹೋದಳು. ಮಕ್ಕಳನ್ನು ನಾರಿನ್‌ನಲ್ಲಿ ಅವಳ ಸೋದರತ್ತೆಯ ಮನೆಯಲ್ಲೇ ಬಿಟ್ಟಿದ್ದಾಳೆ. ನನಗೆ ಹೇಳಿ ಹೋಗಲಿಲ್ಲ. ಬಸ್ಸು ಕೆಲಸದ ಮನೆಯ ಮುಂದೆಯೇ ಹಾದುಹೋಯಿತು. ಕಿಟಕಿಯಲ್ಲಿ ಅವಳ ಕೆಂಪು ತಲೆವಸ್ತ್ರ ಕಂಡಿತು, ಮುಖ ಆ ಕಡೆಗಿತ್ತು. ಎರಡು ಸಲ ತಡೆದಿದ್ದೆ. ಈ ಸಲ ಯಾವ ಬಾಯಲ್ಲಿ ತಡೆಯಲಿ?

ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಕೆಲವರು ಮನೆಯಲ್ಲೇ ಚಪ್ಪಲಿ ಹೊಲಿಯುತ್ತಾರೆ, ಕೆಲವರು ಊರು ಬಿಟ್ಟರು. ನನ್ನನ್ನು ಸೇರಿಸಿ ಐದು ಜನ ಇದ್ದೇವೆ. ಬಾಗಿಲಿನ ಹಾಸು ಸಾಮಾನ್ಯದ್ದಲ್ಲ. ಎರಡು ಪಟ್ಟು ಉಣ್ಣೆ, ಒದ್ದೆಯಾದ ಮೇಲೆ ಒಂದು ಕರುವಿನ ಭಾರ. ಉರುಳಿಸಲು ಆರು ಜನ ಸಾಲಾಗಿ ಮೊಣಕೈ ಊರಬೇಕು. ಐದು ಜನ ಉರುಳಿಸಿದರೆ ಒಂದು ಅಂಚು ಸಡಿಲ ಬಿಡುತ್ತದೆ. ಅಲ್ಮಾಟಿಯವನು ಮೊದಲು ನೋಡುವುದೇ ಅಂಚು. ಮೊದಲನೇ ಹಾಸು ಹಾಗೇ ಕೆಟ್ಟಿತು, ಬಿಚ್ಚಿ ಮತ್ತೆ ಹರಡಿದ್ದೇವೆ.

ನಿನಗೆ ದಾಖಲೆ ಕೋಣೆಯಲ್ಲಿ ರಜೆ ಸಿಗುತ್ತದಲ್ಲ. ಶನಿವಾರ ಬೆಳಗ್ಗೆ ನೀರು ಕಾಯಿಸುತ್ತೇವೆ. ಬಾಕ್ತಿಗುಲ್ ನಿಲ್ಲುತ್ತಿದ್ದದ್ದು ಎಡಗಡೆಯ ತುದಿಯಲ್ಲಿ. ನೆಲ ಆ ಕಡೆಗೆ ಇಳಿಜಾರು, ಬಿಸಿನೀರೆಲ್ಲ ಹರಿದು ಅಲ್ಲಿಗೇ ಬರುತ್ತದೆ, ಮೊಣಕೈ ಸುಡುತ್ತದೆ. ಆ ಜಾಗಕ್ಕೆ ಬೇರೆ ಯಾರನ್ನೂ ನಾನು ಕರೆದಿಲ್ಲ.

ಅಮ್ಮ